'ಕಟ್ಟು' ಧಾತುವಿನ ವಿಚಾರ

ಶುಲ್ಕ ಕಟ್ಟುವ ಕೊನೆಯ ದಿನ ಕಾಲೇಜಿನ ಕಚೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ನನಗೊಂದು ಸಂದೇಹ ಹುಟ್ಟಿತು. ಹಣ ಕೊಡುವುದಕ್ಕೆ 'ಕಟ್ಟು' ಎಂದೇಕೆ ಹೇಳುತ್ತೇವೆ? ಗ್ರಂಥಾಲಯದ ನಿಘಂಟುಗಳನ್ನು ತೆರೆದು ನೋಡಿ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

'ಕಟ್ಟು' ದ್ರಾವಿಡ ಧಾತು. ತಮಿಳು, ತೆಲುಗುಗಳಲ್ಲಿಯೂ 'ಕಟ್ಟು', ಮಲೆಯಾಳದಲ್ಲಿ 'ಕೆಟ್ಟು'. ಬಿಗಿ, ಬಂಧಿಸು ಎಂಬುದೇ ಮೊದಲ ಅರ್ಥ. ದನ ಕಟ್ಟಿದ ಮಾತೇ ಮನೆಯನ್ನೂ ಕಟ್ಟಿತು. ಬಿದಿರನ್ನು ಹಗ್ಗದಿಂದ ಬಿಗಿದು ಗುಡಿಸಲು ಎಬ್ಬಿಸುವುದನ್ನು ಕಂಡವರಿಗೆ ಇದು ಸೋಜಿಗವಲ್ಲ. ಹಂಪೆಯ ಅರಸರಿಗೆ ಪಟ್ಟ ಕಟ್ಟಿದರು. ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿಯೇ. ಸಂಡೂರಿನ ಬೆಟ್ಟದ ಮೇಲೆ ಮೋಡ ಕಟ್ಟುತ್ತದೆ, ಕಂಪ್ಲಿಯ ಗದ್ದೆಯಲ್ಲಿ ಭತ್ತ ಕಾಳು ಕಟ್ಟುತ್ತದೆ. ಚದುರಿದ್ದುದು ಕೂಡಿ ಗಟ್ಟಿಯಾಗುವುದು ಇಲ್ಲಿಯ ಭಾವ. ಗಂಟು ಕಟ್ಟಿ ಒಪ್ಪಿಸುತ್ತಿದ್ದ ಹಣದಿಂದ 'ಶುಲ್ಕ ಕಟ್ಟು' ಬಂದಿರಬೇಕೆಂಬುದು ನನ್ನ ಊಹೆ.

ತಮಿಳಿನ 'ಕಟ್ಟುಮರಂ' ಇಂಗ್ಲಿಷಿಗೆ ಹೋಗಿ 'ಕ್ಯಾಟಮರಾನ್' ಆಯಿತು. 'ಅಣೈಕ್ಕಟ್ಟು' 'ಆನಿಕಟ್' ಆಯಿತು.

ಸಂಸ್ಕೃತದ 'ಬಂಧ್' ಬೇರೆ ಕುಲದ್ದು. ಪಾರಸಿಯ 'ಬಂದ್', ಇಂಗ್ಲಿಷಿನ 'ಬೈಂಡ್' ಅದರ ಬಂಧುಗಳು. 'ಬಂಧು'ವೂ ಅದೇ ಧಾತುವಿನಿಂದ ಬಂದುದು. ಆದರೂ ಅದು ನಡೆದ ದಾರಿ ನಮ್ಮ 'ಕಟ್ಟು' ನಡೆದ ದಾರಿಯೇ. ಹಿಂದಿಯಲ್ಲಿ 'ಬಾಂಧ್' ಎಂದರೆ ಅಣೆಕಟ್ಟು. 1949ರವರೆಗೆ ಸಂಡೂರನ್ನು ಆಳಿದ ಘೋರ್ಪಡೆಯವರ ಮರಾಠಿಯಲ್ಲಿ 'ಬಾಂಧಣೆ' ಎಂದರೆ ಬಿಗಿಯುವುದೂ ಹೌದು, ಮನೆ ಕಟ್ಟುವುದೂ ಹೌದು. ರಾಮಾಯಣದ ಕಿಷ್ಕಿಂಧೆ ನಮ್ಮ ಹಂಪೆ, ಆನೆಗೊಂದಿಗಳೇ ಎಂದು ನಂಬುತ್ತೇವಲ್ಲವೆ? ಆ ಕಪಿಗಳ 'ಸೇತುಬಂಧ'ದಲ್ಲಿ 'ಸೇತು'ವಿನ ಮೂಲವಾದ 'ಸಿ' ಧಾತುವಿಗೂ ಕಟ್ಟು ಎಂದೇ ಅರ್ಥ.

ಇಷ್ಟನ್ನು ಬರೆದು ನಮ್ಮಜ್ಜಿಗೆ ಓದಿ ಹೇಳಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲತೊಡಗಿದಾಗ ಆಕೆ ಚಿಕ್ಕ ಹುಡುಗಿ. ಆಕೆಯ ತವರೂರು ಮುಳುಗಿತು. "ಅವರು ಡ್ಯಾಮ್ ಕಟ್ಟಿದ್ರು, ನಾವು ಗಂಟು ಕಟ್ಟಿದ್ವಿ. ಇದನ್ನೂ ಬರಕೊ" ಎಂದಳು.

2024ರ ಆಗಸ್ಟಿನಲ್ಲಿ ಸರಪಳಿ ಕಡಿದು 19ನೆಯ ಗೇಟು ಕೊಚ್ಚಿಹೋಗಿ ನೀರು ಹರಿದುಹೋಗುತ್ತಿದ್ದಾಗ ಬೆಳೆಯ ಚಿಂತೆ ಊರಿಗೆಲ್ಲ ಇತ್ತು. ಅಜ್ಜಿ ಮಾತ್ರ ಮೆಲ್ಲಗೆ ಕೇಳಿದ್ದಳು: "ನೀರು ಇಳಿದ್ರ ನಮ್ಮೂರು ಕಾಣತೈತೇನಪ್ಪ?"

ಅಂದು ನನಗೆ ಉತ್ತರ ತೋಚಲಿಲ್ಲ. ಮನೆ ಕಟ್ಟುವುದಕ್ಕೂ ಗಂಟು ಕಟ್ಟುವುದಕ್ಕೂ ಭಾಷೆಯಲ್ಲಿ ಇರುವುದು ಒಂದೇ ಮಾತು. ಅದನ್ನು ಆಡುವಾಗ ಎರಡು ಅರ್ಥಗಳೂ ನಮ್ಮ ನೆನಪಿನಲ್ಲಿರಲಿ.