ಅಳೆದವರು ಯಾರು? — ವಾಸ್ತುಶಿಲ್ಪದ ಅಭ್ಯಾಸದಲ್ಲಿ ಆಧಾರದ ಮಹತ್ವ



ನಮ್ಮ ಗಡಿಭಾಗದ ಮಕ್ಕಳಿಗೆ ವಿಜಯಪುರದ ಗೋಳಗುಮ್ಮಟವು ಅಪರಿಚಿತವಲ್ಲ. ಶಾಲೆಯ ಪ್ರವಾಸವೆಂದೊಡನೆ ಮೊದಲು ನೆನಪಾಗುವುದು ಅದೇ. ಪ್ರವಾಸದ ಮುನ್ನಾದಿನ ನಾನು ಅನೇಕ ವರ್ಷಗಳವರೆಗೆ ಕರಿಹಲಗೆಯ ಮೇಲೆ ಒಂದು ವಾಕ್ಯವನ್ನು ಬರೆಯುತ್ತಿದ್ದೆ: “ಗೋಳಗುಮ್ಮಟವು ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ.” ಒಂದು ವರ್ಷ ಒಂಬತ್ತನೆಯ ಇಯತ್ತೆಯ ಬಾಲಕಿಯೊಬ್ಬಳು ಎದ್ದು ನಿಂತು, “ಸರ್, ಅಳೆದವರು ಯಾರು? ಮೊದಲನೆಯದು ಎಷ್ಟಿದೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನನಗೆ ಕಲಿಸಿದವರು ಹೇಳಿದ್ದರು, ನಾನೂ ಹೇಳಿದ್ದೆ, ಅಷ್ಟೇ. ಆ ಬಾಲಕಿ ಈಗ ವಾಸ್ತುಶಿಲ್ಪದ ಮಹಾವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವಳ ಪ್ರಶ್ನೆಯಿಂದ ನಾನು ಕಲಿತದ್ದನ್ನು, ಅದೇ ದಾರಿಯಲ್ಲಿ ಹೋಗಬಯಸುವ ನಿಮಗೂ ನಿಮ್ಮ ಪಾಲಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಕಟ್ಟಡವನ್ನು ಕುರಿತು ಬರೆಯುವವರಿಗೆ ಮೂರು ಬಗೆಯ ಆಧಾರಗಳುಂಟು. ಮೊದಲನೆಯದು ಕಟ್ಟಡವೇ: ಅದರ ಕಲ್ಲು, ಗಾರೆ, ಕಮಾನು, ಶಾಸನ. ಗೋಳಗುಮ್ಮಟದ ದಕ್ಷಿಣ ದ್ವಾರದ ಮೇಲಿರುವ ಶಾಸನವು ಮುಹಮ್ಮದ್ ಆದಿಲ್‌ಶಾಹನು ಮೃತನಾದ ಹಿಜರಿ 1067ನೆಯ ವರ್ಷವನ್ನು, ಎಂದರೆ ಕ್ರಿ. ಶ. 1656ನ್ನು, ತಿಳಿಸುತ್ತದೆ. ಎರಡನೆಯದು, ಸ್ಥಳಕ್ಕೆ ಹೋಗಿ ಅಳೆದವರ ನಕ್ಷೆ, ಛಾಯಾಚಿತ್ರ, ವರದಿ. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸರು ಬಿಜಾಪುರದ ವಾಸ್ತುಶಿಲ್ಪವನ್ನು ಕುರಿತು ರಚಿಸಿ, 1916ರಲ್ಲಿ ಪ್ರಕಟವಾದ ಗ್ರಂಥ ಈ ಬಗೆಯದು. ಮೂರನೆಯದು, ಇವನ್ನು ಓದಿ ಬರೆದವರ ಪುಸ್ತಕ, ಜಾಲತಾಣ. ಈ ಮೂರನೆಯದು ತ್ಯಾಜ್ಯವಲ್ಲ. ಆದರೆ ಅದು ದಾರಿ ತೋರಿಸುವ ಕೈಮರವೇ ಹೊರತು ಊರಲ್ಲ.

ಇನ್ನು ಅಳತೆಗೆ ಬರೋಣ. ಗೋಳಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ರೋಮಿನ ಪ್ಯಾಂಥಿಯನ್ನಿನದು ಸುಮಾರು 142 ಅಡಿ. ಅಲ್ಲಿಯೇ ಇರುವ ಸಂತ ಪೀಟರನ ಇಗರ್ಜಿಯದು ಸುಮಾರು 136 ಅಡಿ. ಹೀಗಿರುವಾಗ, ಇಂದಿನ ಉಕ್ಕಿನ ಗುಮ್ಮಟಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನನ್ನ ವಾಕ್ಯ ನಿಲ್ಲುವುದಿಲ್ಲ. ಗೋಳಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ. ಏಕೆಂದರೆ ಬುಡದಲ್ಲಿ ಗುಮ್ಮಟದ ಗೋಡೆ ಸುಮಾರು 10 ಅಡಿ ದಪ್ಪವಾಗಿದೆ. ಈ ಹೊರ ಅಳತೆಯನ್ನು ಪ್ಯಾಂಥಿಯನ್ನಿನ ಒಳ ಅಳತೆಯೊಡನೆ ಹೋಲಿಸಿದರೆ ನಮ್ಮದೇ ದೊಡ್ಡದೆಂದು ತೋರುತ್ತದೆ; ಆದರೆ ಆ ಹೋಲಿಕೆ ನ್ಯಾಯವಲ್ಲ.

ಹಾಗಾದರೆ ನಮ್ಮ ಹೆಮ್ಮೆ ಸುಳ್ಳೇ? ಅಲ್ಲ. ಗುಮ್ಮಟದ ಕೆಳಗಿನ ಚೌಕಾಕಾರದ ಮಂದಿರದ ಪ್ರತಿ ಬದಿ ಸುಮಾರು 135 ಅಡಿ. ಗುಣಿಸಿದರೆ 18,225 ಚದರಡಿ. ಪ್ಯಾಂಥಿಯನ್ನಿನ ವೃತ್ತಾಕಾರದ ನೆಲವನ್ನು ನೀವೇ ಲೆಕ್ಕ ಮಾಡಿರಿ: ತ್ರಿಜ್ಯ 71 ಅಡಿ, ಸುಮಾರು 15,840 ಚದರಡಿ ಬರುತ್ತದೆ. ಒಂದಕ್ಕೊಂದು ಹಾಯ್ದ ಕಮಾನುಗಳ ಮೇಲೆ ಗುಮ್ಮಟವನ್ನು ಹೊರಿಸಿ, ನಡುವೆ ಒಂದು ಕಂಬವೂ ಇಲ್ಲದೆ ಇಷ್ಟು ನೆಲವನ್ನು ಮುಚ್ಚಿದ್ದೇ ವಿಜಯಪುರದ ಶಿಲ್ಪಿಗಳ ನಿಜವಾದ ಕೀರ್ತಿ. ಜೇಮ್ಸ್ ಫರ್ಗ್ಯುಸನ್ನರು 1876ರ ತಮ್ಮ ಗ್ರಂಥದಲ್ಲಿ ಮಾಡಿದ ಹೋಲಿಕೆಯೂ ಈ ನೆಲದ ವಿಸ್ತಾರದ್ದೇ. ಬಾಯಿಂದ ಬಾಯಿಗೆ ಬರುವಾಗ ‘ನೆಲ’ ಬಿದ್ದುಹೋಗಿ ‘ಗುಮ್ಮಟ’ ಮಾತ್ರ ಉಳಿದಿರಬಹುದು. ಇದು ನನ್ನ ಊಹೆ. ಊಹೆಯನ್ನು ಊಹೆಯೆಂದೇ ಬರೆಯುವುದೂ ಲೇಖನಧರ್ಮ.

ಬರೆಯುವ ಕ್ರಮವನ್ನೂ ತಿಳಿಯಿರಿ. ಓದುವಾಗಲೇ ಟಿಪ್ಪಣಿ ಮಾಡಿಕೊಳ್ಳಿರಿ. ಪುಟದ ಸಂಖ್ಯೆಯನ್ನು ಆಗಲೇ ಬರೆದಿಡಿರಿ, ನಾಳೆ ಹುಡುಕಿದರೆ ಸಿಗದು. ಗ್ರಂಥಕರ್ತನ ಮಾತನ್ನೇ ಎತ್ತಿಕೊಂಡರೆ ಉದ್ಧರಣಚಿಹ್ನೆಯೊಳಗೆ ಇಡಿರಿ. ಅವನ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದರೂ ಅವನ ಹೆಸರನ್ನು ಹೇಳಿರಿ. ಹಾಗೆ ಮಾಡದಿರುವುದು ಕಡ ತಂದ ಪಾತ್ರೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಿದಂತೆ.

ಉಲ್ಲೇಖವೆಂದರೆ ಓದುಗನಿಗೆ ಕೊಡುವ ವಿಳಾಸ. ಪುಸ್ತಕವಾದರೆ ಗ್ರಂಥಕರ್ತ, ಹೆಸರು, ಪ್ರಕಾಶಕ, ಊರು, ವರ್ಷ, ಪುಟ. ನಕ್ಷೆಯಾದರೆ ಬರೆದವರು, ವರ್ಷ, ಪ್ರಮಾಣ. ಶಾಸನವಾದರೆ ಯಾವ ಗೋಡೆಯಲ್ಲಿದೆ, ಓದಿದವರು ಯಾರು. ಜಾಲತಾಣವಾದರೆ ಅದರ ವಿಳಾಸ ಮತ್ತು ನೋಡಿದ ದಿನಾಂಕ. ಹಿರಿಯರ ಮಾತಾದರೆ ಅವರ ಒಪ್ಪಿಗೆ ಪಡೆದು ಹೆಸರು, ಊರು, ಮಾತನಾಡಿದ ದಿನ. ಕರ್ತನ ಹೆಸರನ್ನು ಹೇಳುವ ಈ ಸಂಪ್ರದಾಯ ಕನ್ನಡಿಗರಿಗೆ ಹೊಸದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಆದರೆ ಅಲ್ಲಿಯ ಕನ್ನಡ ಶಾಸನವು ಅಷ್ಟಕ್ಕೇ ನಿಲ್ಲದೆ, ಅದನ್ನು ಕಟ್ಟಿದ ಸೂತ್ರಧಾರಿ ಗುಂಡನನ್ನೂ ‘ಅನಿವಾರಿತಾಚಾರಿ’ ಎಂಬ ಅವನ ಬಿರುದಿನೊಡನೆ ಸ್ಮರಿಸುತ್ತದೆ.

ಈ ರಜೆಯಲ್ಲಿ ನಿಮ್ಮ ಊರಿನ ಒಂದು ಗುಡಿ, ವಾಡೆ ಅಥವಾ ಬಾವಿಯನ್ನು ಅಳೆದು, ಒಂದು ಪುಟ ಬರೆದು ತನ್ನಿರಿ. ಪ್ರತಿ ವಾಕ್ಯದ ಎದುರಿಗೆ, ಅದು ಎಲ್ಲಿಂದ ತಿಳಿಯಿತೆಂದು ಅಂಚಿನಲ್ಲಿ ಗುರುತಿಸಿರಿ. ಪಾಲಕರಲ್ಲಿಯೂ ಒಂದು ವಿನಂತಿ. ಮಗುವಿನ ಅಂಕಗಳನ್ನು ಕೇಳುವ ಮೊದಲು, “ಇದನ್ನು ನಿನಗೆ ಹೇಳಿದವರು ಯಾರು?” ಎಂದು ಕೇಳಿರಿ. ಅದೇ ಪ್ರಶ್ನೆಯನ್ನು ಮಗು ನಿಮಗೆ ಕೇಳಿದರೆ ಸಿಟ್ಟಾಗಬೇಡಿರಿ. ಅಂದು ತರಗತಿಯಲ್ಲಿ ನನಗೂ ಕ್ಷಣಕಾಲ ಸಿಟ್ಟು ಬಂದಿತ್ತು. ಆ ಬಾಲಕಿಯನ್ನು ಗದರಿಸಿ ಕೂರಿಸಿದ್ದರೆ, ಆ ತಪ್ಪು ವಾಕ್ಯ ಇಂದಿಗೂ ಕರಿಹಲಗೆಯ ಮೇಲೆಯೇ ಇರುತ್ತಿತ್ತು.