ಓಟು ಒಂದು ಸಾಕ್ಷ್ಯ, ಅದು ಯಾರ ಸೊತ್ತೂ ಅಲ್ಲ

ಕನ್ನಡದಲ್ಲಿ 'ಮತ' ಎಂದರೆ ಧರ್ಮವೂ ಹೌದು, ಓಟೂ ಹೌದು. ಪದ ಒಂದೇ, ವಿಷಯ ಮಾತ್ರ ಎರಡು. ಚುನಾವಣೆ ಹತ್ತಿರ ಬಂದಾಗ ಇವೆರಡನ್ನೂ ಕಲಸಿಬಿಡುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಗೋಕಾಕ ಮತ್ತು ಹುಕ್ಕೇರಿಗೆ ತಮ್ಮದೇ ಹೆಸರಿನ ವಿಧಾನಸಭಾ ಕ್ಷೇತ್ರಗಳಿವೆ; ಮೂಡಲಗಿಯು ಅರಭಾವಿ ಕ್ಷೇತ್ರಕ್ಕೆ ಸೇರಿದೆ. ಕ್ಷೇತ್ರ ಯಾವುದೇ ಇರಲಿ, ಸತ್ಯವಿಶ್ವಾಸಿಯಾದ ಮತದಾರನ ಮುಂದಿರುವ ಪ್ರಶ್ನೆ ಒಂದೇ: ನನ್ನ ಓಟಿನಲ್ಲಿ ದೀನಿಗೆ ಯಾವ ಸ್ಥಾನ? ಅದನ್ನು ನಿರ್ಧರಿಸುವವರು ಯಾರು?

ಕೆಲವರು, ಧರ್ಮ ಮಸೀದಿಯೊಳಗಿರಲಿ, ರಾಜಕೀಯಕ್ಕೆ ಅದರ ಗೊಡವೆ ಬೇಡ ಎನ್ನುತ್ತಾರೆ. ಇನ್ನು ಕೆಲವರು, ಹಿರಿಯರು ಒಂದು ಕಡೆ ಬೆರಳು ತೋರಿದರೆ ಇಡೀ ಮೊಹಲ್ಲಾ ಅತ್ತಲೇ ಹೋಗಬೇಕು ಎನ್ನುತ್ತಾರೆ. ಇವೆರಡೂ ಸರಿಯಲ್ಲ.

ಓಟು ಎಂದರೇನು?

ಓಟಿನಲ್ಲಿ ಸಾಕ್ಷ್ಯ, ಶಿಫಾರಸು, ವಕಾಲತ್ತು ಎಂಬ ಮೂರು ಹೊಣೆಗಳಿವೆ ಎಂದು ಉಲಮಾಗಳು ವಿವರಿಸಿದ್ದಾರೆ. ಓಟು ಹಾಕುವವನು, ಈ ವ್ಯಕ್ತಿ ಅರ್ಹನು ಎಂದು ಸಾಕ್ಷಿ ಹೇಳುತ್ತಾನೆ. ಸಾಕ್ಷ್ಯದ ಬಗ್ಗೆ ಪವಿತ್ರ ಕುರ್‌ಆನಿನ ಆದೇಶ ಸ್ಪಷ್ಟವಾಗಿದೆ. ಸ್ವಂತಕ್ಕೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯವನ್ನು ಬಿಡಬಾರದು (4:135). ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದು (5:8). ಅಭ್ಯರ್ಥಿ ನಮ್ಮವನೇ ಎಂಬುದೊಂದೇ ಅರ್ಹತೆಯಲ್ಲ. ಅವನು ನಮ್ಮವನಲ್ಲ ಎಂಬುದೊಂದೇ ಅನರ್ಹತೆಯೂ ಅಲ್ಲ. ಪ್ರಾಮಾಣಿಕತೆ, ನ್ಯಾಯನಿಷ್ಠೆ, ಬಡವರ ಕಾಳಜಿ ಇವನ್ನು ತೂಗಿ ನೋಡುವ ತಕ್ಕಡಿಯನ್ನು ದೀನ್ ನಮ್ಮ ಕೈಗಿತ್ತಿದೆ. ರಾಜಕೀಯದಲ್ಲಿ ಧರ್ಮದ ಸ್ಥಾನ ಅದು.

ಸಾಕ್ಷ್ಯವನ್ನು ಮಾರುವಂತಿಲ್ಲ. ಅಭ್ಯರ್ಥಿ ಕೊಡುವ ನೋಟು, ಸೀರೆ, ಕುಕ್ಕರು ಇವೆಲ್ಲ ಲಂಚವೇ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂಬ ಮಾತ್ರಕ್ಕೆ ಅದು ಹಲಾಲ್ ಆಗದು.

ತೂಗುವವರು ಯಾರು?

ಧರ್ಮದಲ್ಲಿ ಬಲವಂತವಿಲ್ಲ ಎಂದು ಅಲ್ಲಾಹನು ಕಲಿಸಿದ್ದಾನೆ (2:256). ಪ್ರವಾದಿ(ಸ)ರವರಿಗೇ, ನೀವು ಉಪದೇಶಕರು, ಜನರ ಮೇಲೆ ನೇಮಿಸಲಾದ ಕಾವಲುಗಾರರಲ್ಲ ಎಂದು ತಿಳಿಸಲಾಯಿತು (88:21-22). ಈಮಾನಿನಲ್ಲೇ ಬಲವಂತ ಇಲ್ಲದಿರುವಾಗ ಓಟಿನಲ್ಲಿ ಬಲವಂತ ಮಾಡಲು ನಮಗೆ ಹಕ್ಕು ಕೊಟ್ಟವರು ಯಾರು? ಹಿರಿಯರು ಸಲಹೆ ಕೊಡಲಿ, ಕಿರಿಯರು ಗೌರವದಿಂದ ಕೇಳಲಿ. ನಿರ್ಧಾರ ಮಾತ್ರ ಮತದಾರನದು. ನಾಳೆ ಪರಲೋಕದಲ್ಲಿ ಯಾರೂ ಇನ್ನೊಬ್ಬರ ಭಾರವನ್ನು ಹೊರಲಾರರು.

ಮಹಿಳೆಯರ ವಿಷಯವೂ ಹೀಗೆಯೇ. ಪ್ರವಾದಿ(ಸ)ರವರ ಬಳಿ ಸ್ತ್ರೀಯರು ತಾವೇ ಬಂದು ಬೈಅತ್ ಮಾಡುವ ವಿಷಯ ಕುರ್‌ಆನಿನಲ್ಲಿದೆ (60:12). ಅವರ ಪ್ರತಿಜ್ಞೆಯನ್ನು ಪತಿಯೋ ತಂದೆಯೋ ಅವರ ಪರವಾಗಿ ಮಾಡಲಿಲ್ಲ. ಹಾಗಿರುವಾಗ ಹೆಂಡತಿಯ ಓಟಿನ ಲೆಕ್ಕವನ್ನೂ ಸೊಸೆಯ ಓಟಿನ ಲೆಕ್ಕವನ್ನೂ ಯಜಮಾನನೇ ಒಪ್ಪಿಸಿಬಿಡುವುದು ಯಾವ ನ್ಯಾಯ?

ಆಣೆ ಮತ್ತು ಬಹಿಷ್ಕಾರ

ಭಂಡಾರ ಮುಟ್ಟಿಸಿ ಇಲ್ಲವೇ ಕುರ್‌ಆನಿನ ಮೇಲೆ ಕೈ ಇರಿಸಿ ಓಟಿಗಾಗಿ ಆಣೆ ಮಾಡಿಸುವುದು ಧರ್ಮಕ್ಕೆ ತೋರುವ ಗೌರವವಲ್ಲ, ಅದು ಧರ್ಮಕ್ಕೆ ಅಪಮಾನ. ಆಣೆ ಮಾಡಿದ ಬಳಿಕ ಅದಕ್ಕಿಂತ ಉತ್ತಮವಾದುದು ಕಂಡರೆ ಉತ್ತಮವಾದುದನ್ನೇ ಮಾಡಿ ಆಣೆಗೆ ಪ್ರಾಯಶ್ಚಿತ್ತ ಕೊಡಬೇಕೆಂದು ಹದೀಸ್ ಕಲಿಸುತ್ತದೆ. ಆ ಕಫ್ಫಾರ ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ. ಅದಕ್ಕೆ ಶಕ್ತಿಯಿಲ್ಲದವರಿಗೆ ಮೂರು ದಿನದ ಉಪವಾಸ (5:89). ಆಣೆಗೆ ಹೆದರಿ ಅಯೋಗ್ಯನ ಪರ ಸಾಕ್ಷಿ ಹೇಳಬೇಕಾಗಿಲ್ಲ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನ ಪ್ರಕಾರ ಅಭ್ಯರ್ಥಿಯಾಗಲಿ, ಅವನ ಏಜೆಂಟನಾಗಲಿ, ಅವರ ಒಪ್ಪಿಗೆ ಪಡೆದ ಬೇರೆಯವರಾಗಲಿ ಮತದಾರನನ್ನು ಜಾತಿ ಅಥವಾ ಸಮುದಾಯದಿಂದ ಹೊರಹಾಕುವುದಾಗಿ ಬೆದರಿಸುವುದು, ದೈವಕೋಪಕ್ಕೆ ಗುರಿಯಾಗುವೆ ಎಂದು ನಂಬಿಸುವುದು, ಧರ್ಮದ ಹೆಸರಿನಲ್ಲಿ ಓಟು ಕೇಳುವುದು, ಲಂಚ ಕೊಡುವುದು ಎಲ್ಲವೂ ಭ್ರಷ್ಟ ಆಚರಣೆಗಳು. 1988ರ ಇನ್ನೊಂದು ಕಾಯ್ದೆ ಮಂದಿರ, ಮಸೀದಿ ಮುಂತಾದ ಧಾರ್ಮಿಕ ಸ್ಥಳಗಳನ್ನು ರಾಜಕೀಯ ಪ್ರಚಾರಕ್ಕೆ ಬಳಸುವುದನ್ನು ನಿಷೇಧಿಸಿದೆ.

ಒಂದೇ ಅಳತೆಗೋಲು

ಉತ್ತರ ಕರ್ನಾಟಕದವರಾದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಲಾಯಿತು. ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತು, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗ ಎಂದಿತು. ಸರಕಾರ ಯಾವುದೇ ಧರ್ಮದ ಪಕ್ಷ ವಹಿಸಬಾರದೆಂಬ ಈ ತತ್ವ ಅಲ್ಪಸಂಖ್ಯಾತರಾದ ನಮಗೆ ದೊಡ್ಡ ಆಸರೆ. 2017ರ ಜನವರಿ 2ರಂದು ಅದೇ ಕೋರ್ಟು, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಓಟು ಕೇಳುವುದೂ ತಪ್ಪು ಎಂದು ಬಹುಮತದಿಂದ ತೀರ್ಪಿತ್ತಿತು.

ಇತರರು ಧರ್ಮದ ಹೆಸರಿನಲ್ಲಿ ಓಟು ಕೇಳಿದರೆ ನಮಗೆ ನೋವಾಗುತ್ತದೆ. ಹಾಗಾದರೆ ನಮ್ಮ ಓಣಿಯಲ್ಲೂ ಅದು ತಪ್ಪೇ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಂಡವರನ್ನು ಕುರ್‌ಆನ್ ಕಟುವಾಗಿ ಎಚ್ಚರಿಸಿದೆ (83:1-3).

ಓದುಗ ಬಂಧುಗಳೇ, ಮುಂದಿನ ಚುನಾವಣೆಗೆ ಮುನ್ನ ಮನೆಮಂದಿಯೆಲ್ಲ ಕುಳಿತು ಈ ವಿಷಯ ಮಾತಾಡಿಕೊಳ್ಳಿ. ಅಭ್ಯರ್ಥಿಗಳ ನಡತೆ, ಅವರು ಮಾಡಿದ ಕೆಲಸ ಇವನ್ನು ಚರ್ಚಿಸಿ. ಚರ್ಚೆ ಮುಗಿದ ಮೇಲೆ ಪ್ರತಿಯೊಬ್ಬರನ್ನೂ ಅವರವರ ಮನಸ್ಸಾಕ್ಷಿಗೆ ಬಿಟ್ಟುಬಿಡಿ. ಯಾರಿಗೆ ಹಾಕಿದೆ ಎಂದು ಕೇಳಲೇಬೇಡಿ. ಮತಗಟ್ಟೆಯ ಆ ಮರೆಯಲ್ಲಿ ಮನುಷ್ಯರ ಕಣ್ಣು ಇರುವುದಿಲ್ಲ, ಅಲ್ಲಾಹನ ದೃಷ್ಟಿ ಇರುತ್ತದೆ, ಅಷ್ಟು ಸಾಕು.

ಸತ್ಯವಾದ ಸಾಕ್ಷ್ಯ ನುಡಿಯುವ ಧೈರ್ಯವನ್ನೂ ಇತರರ ಸ್ವಾತಂತ್ರ್ಯವನ್ನು ಗೌರವಿಸುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.