ಪಿನ್ನು, ಬಕಲ್ಲು ಹೇಳುವ ಚರಿತ್ರೆ



ರೋಮ್ ಸಾಮ್ರಾಜ್ಯ ಪತನವಾಯಿತು ಅಂತ ಚರಿತ್ರೆ ಪಾಠದಲ್ಲಿ ಓದಿದ್ದೇವೆ. ದಾಳಿ ಮಾಡಿದವರು ಆಮೇಲೆ ಏನಾದ್ರು ಅಂತ ಮೇಷ್ಟ್ರನ್ನ ಕೇಳಿದೆ. ನೀನೇ ಓದಿ ಗೋಡೆ ಪತ್ರಿಕೆಗೆ ಬರಿ ಅಂದ್ರು. ಓದಿ ಬರೆದಿದ್ದೇನೆ.

ಅವರಲ್ಲಿ ಒಂದು ಗುಂಪು ವಿಸಿಗೋಥರು. ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದವರು ಇವರೇ. ಮುಂದೆ ಈಗಿನ ಫ್ರಾನ್ಸಿನಲ್ಲಿ ನೆಲೆಸಿದರು. 507ರಲ್ಲಿ ಫ್ರಾಂಕರಿಗೆ ಸೋತ ಮೇಲೆ ಅವರ ರಾಜ್ಯ ಸ್ಪೇನಿಗೆ ಸರಿಯಿತು. ಟೊಲೆಡೊ ರಾಜಧಾನಿಯಾಯಿತು.

ಮೊದಲಿನ ರೀತಿ: ಸ್ಪೇನಿನಲ್ಲಿ 6ನೇ ಶತಮಾನದ ಸಮಾಧಿಗಳನ್ನು ಅಗೆದಾಗ ಕೆಲವು ಹೆಂಗಸರ ಎರಡೂ ಹೆಗಲ ಮೇಲೆ ದೊಡ್ಡ ಪಿನ್ನು, ಸೊಂಟದಲ್ಲಿ ಚೌಕದ ಬಕಲ್ಲು ಸಿಕ್ಕವು. ಬಟ್ಟೆ ಜಾರದಂತೆ ಈ ಪಿನ್ನು ಹಿಡಿಯುತ್ತಿತ್ತು, ನಮ್ಮ ಅಮ್ಮಂದಿರ ಸೀರೆ ಪಿನ್ನಿನ ಹಾಗೇ. ಬಕಲ್ಲಿನ ಮೇಲೆ ಲೋಹದ ಪುಟ್ಟ ಗೂಡುಗಳನ್ನು ಮಾಡಿ, ಗಾರ್ನೆಟ್ ಎಂಬ ಕೆಂಪು ಕಲ್ಲನ್ನೋ ಬಣ್ಣದ ಗಾಜನ್ನೋ ಕೂರಿಸುತ್ತಿದ್ದರು. ಹದ್ದಿನ ಆಕಾರದ ಒಂದು ಜೋಡಿ ಪಿನ್ನು ಈಗ ಅಮೆರಿಕದ ಬಾಲ್ಟಿಮೋರಿನ ವಾಲ್ಟರ್ಸ್ ವಸ್ತು ಸಂಗ್ರಹಾಲಯದಲ್ಲಿದೆ. ಉದ್ದ ಸುಮಾರು 14 ಸೆಂ.ಮೀ., ಹತ್ತಿರ ಹತ್ತಿರ ನಮ್ಮ ಕಂಪಾಸು ಪೆಟ್ಟಿಗೆಯ ಸ್ಕೇಲಿನಷ್ಟು! ಆ ಕಾಲದ ಯೂರೋಪಿನ ಒಡವೆಗಳ ಎಷ್ಟೋ ಗಾರ್ನೆಟ್ ಕಲ್ಲುಗಳು ಭಾರತ, ಶ್ರೀಲಂಕಾದಿಂದ ಹೋದವು ಅಂತ ಪರೀಕ್ಷೆಯಿಂದ ಗೊತ್ತಾಗಿದೆ.

ಆಮೇಲಿನ ರೀತಿ: 6ನೇ ಶತಮಾನದ ಕೊನೆಗೆ ಹೆಗಲ ಪಿನ್ನು ಕಡಿಮೆಯಾಗುತ್ತಾ ಬಂದು ಮಾಯವಾಯಿತು. 7ನೇ ಶತಮಾನದಲ್ಲಿ ಲೈರ್ ಎಂಬ ತಂತಿವಾದ್ಯದ ಆಕಾರದ ಬಕಲ್ಲು ಬಂತು. ಕಂಚಿನಲ್ಲಿ ಎರಕ ಹೊಯ್ದು ಕೆತ್ತಿದ್ದು. ಇದು ಪೂರ್ವ ರೋಮ್, ಅಂದರೆ ಬೈಜಾಂಟಿಯಮ್ಮಿನ ಮಾದರಿ. ಚಿನ್ನ, ಕಲ್ಲು ಚರ್ಚಿಗೆ ಕಾಣಿಕೆಯಾದವು. 1858ರಲ್ಲಿ ಟೊಲೆಡೊ ಹತ್ತಿರದ ಗ್ವರ್ರಸಾರಿನಲ್ಲಿ ಸಿಕ್ಕ ನಿಧಿಯಲ್ಲಿ ರಾಜ ರೆಸೆಸ್ವಿಂತ್ ಅರ್ಪಿಸಿದ ಚಿನ್ನದ ಕಿರೀಟವಿತ್ತು. ಅವನ ಹೆಸರಿನ ಅಕ್ಷರಗಳೇ ಅದರ ಕೆಳಗೆ ಜೋತಾಡುತ್ತವೆ.

ಹಾಗಾದರೆ ಗೋಥರು ಅಳಿದುಹೋದರೇ? ಇಲ್ಲ, ಬೆರೆತುಹೋದರು. ಗೋಥರಿಗೂ ರೋಮನ್ನರಿಗೂ ಮದುವೆ ಕೂಡದು ಎಂಬ ಹಳೆಯ ಕಾಯಿದೆಯನ್ನು ರಾಜ ಲಿಯೊವಿಗಿಲ್ಡ್ ತೆಗೆದುಹಾಕಿದ. ಅವನ ಮಗ ರೆಕರೆಡ್ 589ರ ಟೊಲೆಡೊ ಸಭೆಯಲ್ಲಿ, ಅಲ್ಲಿಯ ಬಹುಪಾಲು ಜನರ ಕ್ಯಾಥೊಲಿಕ್ ಪಂಥವೇ ಗೋಥರದ್ದೂ ಎಂದು ಸಾರಿದ. ನೆಂಟಸ್ತನ ಬೆಳೆದು ಚರ್ಚೂ ಒಂದೇ ಆದ ಮೇಲೆ ಬೇರೆ ಗುರುತು ಯಾಕೆ ಬೇಕು?

ಇನ್ನೊಂದು ಮಾತು. ಪಿನ್ನು ಸಿಕ್ಕ ಮಾತ್ರಕ್ಕೆ ಅವಳು ಗೋಥರವಳೇ ಅನ್ನುವಂತಿಲ್ಲ. ಪಕ್ಕದ ಮನೆಯ ರೋಮನ್ ಹೆಂಗಸೂ ಆಸೆಪಟ್ಟು ಹಾಕಿರಬಹುದು. ಈ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ವಾದ ಇದೆ. ನಾನೂ ಮೈಮೇಲಿನ ಬಟ್ಟೆ, ಒಡವೆ ನೋಡಿ ಇವರು ಇಂಥವರು ಅಂತ ಥಟ್ಟನೆ ಹೇಳಿಬಿಡ್ತಿದ್ದೆ. ಇದನ್ನು ಓದಿದ ಮೇಲೆ ಹಾಗೆ ಹೇಳೋಕೆ ನಾಲಿಗೆ ಹಿಂಜರಿಯುತ್ತೆ.